ಸೀಲೆಂಟ್ ನೀರು ಕುಡಿಯುವ ಹೊತ್ತು

ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಟ್ಯೂಬಿನ ಸುತ್ತ ಸುತ್ತುತ್ತವೆ: ಎಂಜಿನ್ನಿನ ಸಂದುಗಳಿಂದ ಎಣ್ಣೆ ಸೋರದಂತೆ ಹಚ್ಚುವ ಸೀಲೆಂಟ್. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನು ಒಟ್ಟಿಗೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮೋಟಾರ್ ಸೈಕಲ್‌ನ ಕ್ಲಚ್ ಪ್ಲೇಟ್‌ಗಳನ್ನು ನಾನೇ ಬದಲಿಸಿದೆ. ಬಲಗಡೆಯ ಕವರ್ ಬಿಚ್ಚುವಾಗ, ಎಣ್ಣೆ ಸೋರದಂತೆ ಸಂದಿನ ನಡುವೆ ಇಡುವ ಕಾಗದದ ಗ್ಯಾಸ್ಕೆಟ್ ಹರಿಯಿತು. ಅದರ ಬದಲು ಸಿಲಿಕೋನ್ ಸೀಲೆಂಟನ್ನು ಧಾರಾಳವಾಗಿ ಹಚ್ಚಿ, ಕವರ್ ಕೂರಿಸಿ, ಅರ್ಧ ಗಂಟೆ ಒಣಗಲು ಬಿಟ್ಟು, ಎಣ್ಣೆ ತುಂಬಿ ಹೊರಟೆ. ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಕವರಿನ ಕೆಳಗಿನಿಂದ ಎಣ್ಣೆ ಜಿನುಗತೊಡಗಿತು. ಟ್ಯೂಬಿನ ಮೇಲೆ 24 ಗಂಟೆ ಎಂದು ಬರೆದಿದೆ. ನನಗೆ ಪರಿಚಯದ ಮೆಕ್ಯಾನಿಕ್ ಒಂದು ಗಂಟೆ ಸಾಕು ಎನ್ನುತ್ತಾರೆ. ಯಾರ ಮಾತು ಸರಿ? ಈಗ ಹೊರಗಿನಿಂದಲೇ ಇನ್ನಷ್ಟು ಬಳಿದರೆ ಆಗುವುದಿಲ್ಲವೇ?
— ಅರ್ಧ ಗಂಟೆಯ ಅವಸರದವನು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಈ ಪತ್ರಿಕೆ ನಿಮ್ಮ ಕೈ ಸೇರುವ ಮೊದಲೇ ನೀವು ಬಳಿದಿರುವ ಸಾಧ್ಯತೆ ಇದೆ. ಆಗುವುದಿಲ್ಲ. ಎಣ್ಣೆ ಒಳಗಿನಿಂದ ಬರುತ್ತಿದೆ. ಹೊರಗೆ ಬಳಿದದ್ದು ಎಣ್ಣೆಯ ಪಸೆಯ ಮೇಲೆ ಕೂತಿರುತ್ತದೆ, ಲೋಹವನ್ನು ಹಿಡಿದಿರುವುದಿಲ್ಲ. ನಾಲ್ಕು ದಿನದ ಮೇಲೆ ಉಗುರಿನಿಂದ ಎಬ್ಬಿಸಿ ನೋಡಿ, ಇಡೀ ಪಟ್ಟಿ ಒಂದೇ ಎಳೆಯಾಗಿ ಕೈಗೆ ಬರುತ್ತದೆ. ಕವರನ್ನು ಮತ್ತೆ ಬಿಚ್ಚಲೇಬೇಕು.

ಈಗ 24 ಗಂಟೆಯ ವಿಷಯ. ನಿಮ್ಮ ಪತ್ರದಲ್ಲಿ ಒಂದು ಪದ ನನ್ನನ್ನು ಚುಚ್ಚಿತು: ‘ಒಣಗಲು ಬಿಟ್ಟು’. ಎಲ್ಲರೂ ಹಾಗೆಯೇ ಹೇಳುತ್ತಾರೆ, ನಾನೂ ಹಲವು ವರ್ಷ ಹಾಗೆಯೇ ಹೇಳಿದವನು. ಆದರೆ ಸಿಲಿಕೋನ್ ಸೀಲೆಂಟ್ ಒಣಗುವುದಿಲ್ಲ. ಒಣಗುವ ವಸ್ತುವಿನಿಂದ ತೇವ ಹೊರಗೆ ಹೋಗಬೇಕು. ಇದಕ್ಕೆ ತೇವ ಒಳಗೆ ಬರಬೇಕು. ಗಾಳಿಯಲ್ಲಿರುವ ನೀರಿನ ಆವಿಯನ್ನು ಕುಡಿದು, ಆ ನೀರಿನ ನೆರವಿನಿಂದ ಒಳಗಿನ ಕಣಗಳು ಒಂದಕ್ಕೊಂದು ಹೆಣೆದುಕೊಂಡು ರಬ್ಬರ್ ಆಗುತ್ತದೆ. ಟ್ಯೂಬಿನ ಮೇಲಿನ ‘ಆರ್‌ಟಿವಿ’ ಎಂಬ ಮೂರು ಅಕ್ಷರಗಳಿಗೂ ಕೋಣೆಯ ಉಷ್ಣತೆಯಲ್ಲಿಯೇ ರಬ್ಬರಾಗುವ ವಸ್ತು ಎಂದೇ ಅರ್ಥ. ಹಳೆಯ ಬಗೆಯ ಸೀಲೆಂಟ್ ಹಚ್ಚಿದಾಗ ಮೂಗಿಗೆ ವಿನೆಗರ್ ವಾಸನೆ ಅಡರುತ್ತದಲ್ಲ, ಅದು ಈ ಕೆಲಸದ ಹೊಗೆ. ನೀರು ಒಳಗೆ ಹೋದಂತೆ ಅಸಿಟಿಕ್ ಆಮ್ಲ ಹೊರಗೆ ಬರುತ್ತದೆ. ಬಗ್ಗಿ ಮೂಸಿದಾಗ ವಾಸನೆ ಇನ್ನೂ ಇದೆ ಎಂದರೆ ಒಳಗೆ ಕೆಲಸ ಇನ್ನೂ ನಡೆಯುತ್ತಿದೆ ಎಂದೇ ಅರ್ಥ. ಗಡಿಯಾರಕ್ಕಿಂತ ನಾನು ಮೂಗನ್ನು ಹೆಚ್ಚು ನಂಬುತ್ತೇನೆ. ವಾಸನೆ ಬಾರದ ಬಗೆಗಳೂ ಇವೆ, ಅಲ್ಲಿ ಮೂಗಿಗೆ ರಜೆ.

ನೀರಿನ ಆವಿ ಎಲ್ಲಿಂದ ಬರಬೇಕು ಎಂದು ಯೋಚಿಸಿ. ಕವರಿನ ಲೋಹದೊಳಗಿಂದ ಬರಲಾರದು. ಸಂದಿನ ಎರಡು ಅಂಚುಗಳಿಂದ ಮಾತ್ರ ಬರಬೇಕು: ಒಂದು ಹೊರಗಿನ ಅಂಚು, ಇನ್ನೊಂದು ಎಂಜಿನ್ನಿನ ಒಳಗಿನ ಅಂಚು. ಗಾಳಿಗೆ ತೆರೆದಿಟ್ಟ ಸಾಮಾನ್ಯ ಸಿಲಿಕೋನ್ ಹತ್ತು-ಹದಿನೈದು ನಿಮಿಷದಲ್ಲಿ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಆಮೇಲೆ ದಿನಕ್ಕೆ ಎರಡು-ಮೂರು ಮಿಲಿಮೀಟರಿನಷ್ಟು ಮಾತ್ರ ಒಳಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ. ನಿಮ್ಮ ಕವರಿನ ಅಂಚು ಏಳೆಂಟು ಮಿಲಿಮೀಟರ್ ಅಗಲವಿದ್ದರೆ ಒಂದು ದಿನದಲ್ಲಿ ನಟ್ಟನಡುವೆ ಇನ್ನೂ ಹಸಿ ಇರಬಹುದು. ಚಿಂತೆಯಿಲ್ಲ, ಅಷ್ಟರಲ್ಲಿ ಎರಡೂ ಅಂಚಿನಲ್ಲಿ ರಬ್ಬರಿನ ಬೇಲಿ ಎದ್ದಿರುತ್ತದೆ. 24 ಗಂಟೆ ಎಂಬುದು ಆ ಬೇಲಿಯ ಲೆಕ್ಕ. ಅದೂ ಹವೆ ಸುಮಾರು 25 ಡಿಗ್ರಿ ಸೆಲ್ಸಿಯಸ್ ಇದ್ದು, ಗಾಳಿಯಲ್ಲಿ ಅರ್ಧದಷ್ಟು ತೇವಾಂಶ ಇದ್ದರೆ. ಚಳಿಯೂ ಒಣಹವೆಯೂ ಸೇರಿದರೆ ಎರಡು ದಿನ ಬಿಡಿ.

ನೀವು ಅರ್ಧ ಗಂಟೆಗೇ ಎಣ್ಣೆ ತುಂಬಿದ್ದರಿಂದ ಒಳಗಿನ ಬಾಗಿಲನ್ನು ಮುಚ್ಚಿಬಿಟ್ಟಿರಿ. ಆ ಕಡೆಯ ಅಂಚಿಗೆ ಗಾಳಿಯ ಬದಲು ಎಣ್ಣೆ ತಾಗಿತು. ಎಂಜಿನ್ ಬಿಸಿಯಾಗಿ ತೆಳುವಾದ ಎಣ್ಣೆಗೆ ಮೆತ್ತನೆಯ ಸೀಲೆಂಟ್ ಏನು ಅಡ್ಡಿ ಮಾಡೀತು?

ಹಾಗಾದರೆ ಒಂದು ಗಂಟೆ ಸಾಕು ಎಂದ ಮೆಕ್ಯಾನಿಕ್ ಸುಳ್ಳು ಹೇಳಿದರೇ? ಇಲ್ಲ. ಅವರ ಅನುಭವವೂ ನಿಜ. ಎರಡು ಲೋಹದ ಮುಖಗಳು ಸಪಾಟಾಗಿದ್ದು, ಚೊಕ್ಕಟವಾಗಿದ್ದು, ನಡುವೆ ಕೂದಲೆಳೆಯಷ್ಟು ಮಾತ್ರ ಸೀಲೆಂಟ್ ಇದ್ದರೆ, ಎಣ್ಣೆಯನ್ನು ತಡೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ಲೋಹವೇ ಮಾಡುತ್ತದೆ. ಸೀಲೆಂಟ್ ಗೀರುಗಳನ್ನು ತುಂಬಿಕೊಂಡು ಸುಮ್ಮನೆ ಕೂತಿರುತ್ತದೆ. ಕ್ಲಚ್ ಕವರಿನೊಳಗೆ ಎಣ್ಣೆ ಎರಚುತ್ತದೆಯೇ ಹೊರತು ಪಂಪಿನ ಒತ್ತಡದಲ್ಲಿ ಸಂದನ್ನು ತಳ್ಳುವುದಿಲ್ಲ. ಬೇಗ ಹದಕ್ಕೆ ಬರುವ ಬಗೆಗಳೂ ಇವೆ, ಅವುಗಳ ಟ್ಯೂಬಿನ ಮೇಲೆ ಹಾಗೆಂದೇ ಬರೆದಿರುತ್ತದೆ. ಹಾಗಾಗಿ ಹತ್ತರಲ್ಲಿ ಏಳೆಂಟು ಸಲ ಒಂದು ಗಂಟೆಯವರು ಪಾರಾಗುತ್ತಾರೆ. ಉಳಿದ ಎರಡು-ಮೂರು ಸಲ ನನಗೆ ಪತ್ರ ಬರೆಯುತ್ತಾರೆ. ನಿಮ್ಮ ವಿಷಯದಲ್ಲಿ ಆ ತೆಳು ಪದರವೂ ಇರಲಿಲ್ಲ. ‘ಧಾರಾಳವಾಗಿ’ ಎಂದು ನೀವೇ ಬರೆದಿದ್ದೀರಿ.

ಈ ಧಾರಾಳದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೆಲವು ವರ್ಷಗಳ ಹಿಂದೆ ಒಂದು ಎಂಜಿನ್ ನನ್ನ ಮೇಜಿಗೆ ಬಂತು. ಬೇರೆಲ್ಲೋ ದುರಸ್ತಿಯಾಗಿ ತಿಂಗಳಾಗಿರಲಿಲ್ಲ, ಮೇಲ್ಗಡೆ ಕ್ಯಾಮ್ ಶಾಫ್ಟ್ ಕಿರಗುಡುತ್ತಿತ್ತು. ಎಣ್ಣೆಯ ಮಟ್ಟ ಸರಿಯಾಗಿತ್ತು. ಹೊರಗಿನಿಂದ ನೋಡಿದರೆ ಒಂದು ಹನಿ ಸೋರಿಕೆಯಿಲ್ಲ, ಸಂದುಗಳಲ್ಲಿ ಕಿತ್ತಳೆ ಬಣ್ಣದ ಸೀಲೆಂಟ್ ದಪ್ಪ ದಾರದಂತೆ ಎದ್ದು ನಿಂತಿತ್ತು. ಕವರ್ ತೆಗೆದು ಎಣ್ಣೆಯ ಪಂಪಿನ ಕೆಳಗಿನ ಜಾಲರಿಯನ್ನು ಹೊರಗೆಳೆದೆ. ಹುಳುಗಳಂತೆ ಕಿತ್ತಳೆ ಎಳೆಗಳು ಜಾಲರಿಗೆ ಸುತ್ತಿಕೊಂಡು ಅರ್ಧಕ್ಕಿಂತ ಹೆಚ್ಚು ಕಣ್ಣುಗಳನ್ನು ಮುಚ್ಚಿದ್ದವು. ಚಿಮಟದಿಂದ ಒಂದೊಂದಾಗಿ ಬಿಡಿಸಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಹೊರಗೆ ಕಂಡ ದಾರದಷ್ಟೇ ದಪ್ಪದ ದಾರ ಒಳಗೂ ಹಿಂಡಿಕೊಂಡು ಬಂದಿರುತ್ತದೆ ಎಂಬುದನ್ನು ಹಚ್ಚಿದವರು ಮರೆತಿದ್ದರು. ಸೋರಿಕೆ ನೆಲವನ್ನು ಕೆಡಿಸುತ್ತದೆ. ಜಾಲರಿ ಕಟ್ಟಿಕೊಂಡರೆ ಎಣ್ಣೆ ಮೇಲೆ ಏರದೆ ಎಂಜಿನ್ನೇ ಹೋಗುತ್ತದೆ.

ಆದ್ದರಿಂದ ನೀವು ಮತ್ತೆ ಬಿಚ್ಚಿದಾಗ ಮೊದಲು ಜಾಲರಿ ನೋಡಿ. ಆಮೇಲೆ ಹೊಸ ಕಾಗದದ ಗ್ಯಾಸ್ಕೆಟ್ ತಂದು ಹಾಕಿ. ಹೌದು, ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ ಅದೇ. ಆ ಕಾಗದ ಅರ್ಧ ಮಿಲಿಮೀಟರಿನಷ್ಟು ದಪ್ಪವಿರುತ್ತದೆ, ಆ ದಪ್ಪವನ್ನು ಲೆಕ್ಕಕ್ಕೆ ಹಿಡಿದೇ ಕವರನ್ನು ಮಾಡಿರುತ್ತಾರೆ. ಕಾಗದ ತೆಗೆದು ತೆಳು ಸೀಲೆಂಟ್ ಹಾಕಿದರೆ ಕವರ್ ಅಷ್ಟು ಒಳಗೆ ಸರಿಯುತ್ತದೆ. ಕಿಕ್ ಶಾಫ್ಟ್‌ನಂಥ ಭಾಗಗಳಿಗೆ ಬೇಕಾದ ಅಡ್ಡ ಸಡಿಲು ಕಡಿಮೆಯಾಗಿ ಬಿಗಿದುಕೊಳ್ಳಬಹುದು. ಇನ್ನೊಂದು ಅಪಾಯ, ಹಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಶಾಫ್ಟ್‌ಗೆ ಎಣ್ಣೆ ಹೋಗುವ ಸಣ್ಣ ಕಾಲುವೆ ಇದೇ ಕವರಿನೊಳಗಿರುತ್ತದೆ. ಅದರ ಬಾಯಿಗೆ ಒಂದು ಮುದ್ದೆ ಸೀಲೆಂಟ್ ಸಿಕ್ಕಿಕೊಂಡರೆ ಮುಂದಿನದನ್ನು ನಾನು ಬರೆಯಬೇಕಾಗಿಲ್ಲ.

ನಿಮ್ಮ ಸೋರಿಕೆ ಕೆಳಗಿನಿಂದಲೇ ಬಂದದ್ದಕ್ಕೆ ಇನ್ನೊಂದು ಕಾರಣವೂ ಇದ್ದಂತಿದೆ. ಇದು ನನಗೇ ಆದ ಅನುಭವ. ಕೆಳ ಅಂಚನ್ನು ಮೂರು ಸಲ ಒರೆಸಿ, ಹೊಳೆಯುವಂತೆ ಮಾಡಿ, ಸೀಲೆಂಟ್ ಹಚ್ಚಿದ ಕವರನ್ನು ಕೈಗೆತ್ತಿಕೊಂಡು ತಿರುಗುವಷ್ಟರಲ್ಲಿ ಪ್ಲೇಟ್‌ಗಳು ಕೂರುವ ಕ್ಲಚ್ ಬುಟ್ಟಿಯಿಂದ ಒಂದು ಹನಿ ಇಳಿದು ಅದೇ ಅಂಚಿನ ಮೇಲೆ ಹರಡಿಕೊಂಡಿರುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಪಸೆ. ಅದರ ಮೇಲೆ ಕೂರಿಸಿದ ಸೀಲೆಂಟನ್ನು 24 ಗಂಟೆಯಲ್ಲ, 24 ದಿನ ಬಿಟ್ಟರೂ ಅದು ಲೋಹವನ್ನು ಹಿಡಿಯುವುದಿಲ್ಲ. ನಾನು ಹಾಗೆ ಕಟ್ಟಿದ ಒಂದು ಕವರಿನ ಕೆಳಗೆ ಬೆಳಿಗ್ಗೆ ನಾಣ್ಯದಗಲದ ಕಲೆ ನೋಡಿ, ಸೀಲೆಂಟ್ ಮಾಡಿದವರನ್ನು ಬೈದುಕೊಂಡು ಬಿಚ್ಚಿದ್ದೆ. ಸೀಲೆಂಟ್ ಚೆನ್ನಾಗಿಯೇ ರಬ್ಬರಾಗಿತ್ತು. ಕವರಿನ ಕಡೆ ಅಂಟಿಕೊಂಡಿತ್ತು, ಎಂಜಿನ್ನಿನ ಕಡೆ ಮಾತ್ರ ಕನ್ನಡಿಯಂತೆ ನುಣ್ಣಗೆ ಬಿಟ್ಟುಕೊಂಡಿತ್ತು.

ಅಂದಿನಿಂದ ಬಲಗಡೆಯ ಕವರ್ ಕೆಲಸವಿದ್ದರೆ ಗಾಡಿಯನ್ನು ಎಡಕ್ಕೆ ವಾಲುವ ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ರಾತ್ರಿಯಿಡೀ ಹಾಗೆಯೇ ಬಿಡುತ್ತೇನೆ. ಉಳಿದ ಎಣ್ಣೆ ಎಡಕ್ಕೆ ಇಳಿಯುತ್ತದೆ, ಪ್ಲೇಟ್‌ಗಳ ನಡುವಿನದ್ದೂ ತೊಟ್ಟಿಕ್ಕಿ ಮುಗಿಯುತ್ತದೆ. ಬೆಳಿಗ್ಗೆ ಬುಟ್ಟಿಯ ಕೆಳಗೆ ಬಟ್ಟೆ ತುರುಕಿ, ಅಂಚನ್ನು ಅಸಿಟೋನ್ ಅಥವಾ ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಬಟ್ಟೆ ಎಳೆದು, ತಕ್ಷಣ ಕವರ್ ಕೂರಿಸುತ್ತೇನೆ. ಪೆಟ್ರೋಲಿನಿಂದ ಒರೆಸುವ ಚಾಳಿ ಬಿಡಿ, ಅದು ತನ್ನದೇ ಪಸೆ ಬಿಟ್ಟು ಹೋಗುತ್ತದೆ. ಹಳೆಯ ಸೀಲೆಂಟನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಕೆರೆಯಿರಿ. ಅಲ್ಯೂಮಿನಿಯಂ ಮೇಲೆ ಸ್ಕ್ರೂಡ್ರೈವರ್ ಎಳೆದ ಒಂದೊಂದು ಗೀರೂ ಎಣ್ಣೆಗೆ ಒಂದೊಂದು ದಾರಿ. ಮರಳು ಕಾಗದವಂತೂ ಬೇಡ, ಅದರ ಪುಡಿ ಬೇರಿಂಗ್ ಸೇರಿದರೆ ತಾನೂ ಉಜ್ಜುವ ಕೆಲಸವನ್ನೇ ಮುಂದುವರಿಸುತ್ತದೆ.

ಪ್ರಶ್ನೆ: ಎಂಜಿನ್ನಿನ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳನ್ನು ಜೋಡಿಸಬೇಕಿದೆ. ಸರ್ವಿಸ್ ಪುಸ್ತಕ ಸೀಲೆಂಟ್ ಹಚ್ಚಿದ ಕೂಡಲೇ ಪೂರ್ತಿ ಬಿಗಿಯಿರಿ ಎನ್ನುತ್ತದೆ. ಟ್ಯೂಬಿನ ಹಿಂಬದಿ, ಬೆರಳಿನಿಂದ ಬಿಗಿದು ಒಂದು ಗಂಟೆ ಬಿಟ್ಟು ಆಮೇಲೆ ಬಿಗಿಯಿರಿ ಎನ್ನುತ್ತದೆ. ಯಾರನ್ನು ನಂಬಲಿ?
— ಎರಡು ದೋಣಿಯಲ್ಲಿ ಕಾಲಿಟ್ಟವಳು

ಉತ್ತರ: ಪುಸ್ತಕವನ್ನು. ಟ್ಯೂಬಿನವರು ಯಾವ ಕವರಿಗೆ ಹಚ್ಚುತ್ತೀರಿ ಎಂದು ತಿಳಿಯದೆ ಎಲ್ಲರಿಗೂ ಸೇರಿಸಿ ಬರೆದಿರುತ್ತಾರೆ. ತಗಡಿನ ಕವರ್, ಸ್ವಲ್ಪ ಸೊಟ್ಟಗಿನ ಮುಖ, ಇಂಥಲ್ಲಿ ಸೀಲೆಂಟೇ ಗ್ಯಾಸ್ಕೆಟ್ ಆಗಬೇಕು. ಒಂದೇ ಸಲ ಬಿಗಿದರೆ ಎಲ್ಲವೂ ಹಿಂಡಿ ಹೊರಗೆ ಬಂದುಬಿಡುತ್ತದೆ. ಆದ್ದರಿಂದ ಸ್ವಲ್ಪ ರಬ್ಬರಾಗಲು ಬಿಟ್ಟು ಬಿಗಿಯುವ ಕ್ರಮ ಅಲ್ಲಿ ಸರಿ. ಕ್ರ್ಯಾಂಕ್‌ಕೇಸಿನ ಹೋಳುಗಳು ಹಾಗಲ್ಲ. ಅವುಗಳ ಮುಖವನ್ನು ಯಂತ್ರದಲ್ಲಿ ಸಪಾಟು ಮಾಡಿರುತ್ತಾರೆ, ಸರಿಯಾದ ಜಾಗಕ್ಕೆ ಹೊಂದಿಸುವ ಡೋವೆಲ್ ಪಿನ್‌ಗಳ ಮೇಲೆ ಲೋಹಕ್ಕೆ ಲೋಹ ಮುಟ್ಟಿ ಕೂರಬೇಕು. ನಡುವೆ ಅರೆಬೆಂದ ಪದರ ನಿಂತರೆ ಹೋಳುಗಳು ಅಷ್ಟು ದೂರ ಉಳಿಯುತ್ತವೆ, ಬೇರಿಂಗ್‌ಗಳ ಹಿಡಿತದ ಲೆಕ್ಕ ತಪ್ಪುತ್ತದೆ.

ಹಾಗಾಗಿ ಹಚ್ಚುವ ಮೊದಲು ಎಲ್ಲವನ್ನೂ ಸಿದ್ಧಮಾಡಿಕೊಳ್ಳಿ. ಸೀಲೆಂಟ್ ಇಲ್ಲದೆ ಒಮ್ಮೆ ಜೋಡಿಸಿ ನೋಡಿ. ಬೋಲ್ಟ್‌ಗಳನ್ನು ಉದ್ದದ ಪ್ರಕಾರ ರಟ್ಟಿಗೆ ಚುಚ್ಚಿ ಇಡಿ. ಪೊರೆ ಕಟ್ಟುವ ಹತ್ತು ನಿಮಿಷದೊಳಗೆ ಎರಡು-ಮೂರು ಸುತ್ತಿನಲ್ಲಿ, ನಡುವಿನಿಂದ ಹೊರಕ್ಕೆ, ಅಡ್ಡಡ್ಡ ಬಿಗಿದು ಮುಗಿಸಬೇಕು. ಆರು ಮಿಲಿಮೀಟರ್ ಬೋಲ್ಟ್‌ಗೆ ಸಾಮಾನ್ಯವಾಗಿ 10-12 ನ್ಯೂಟನ್ ಮೀಟರ್ ಬಿಗಿತ ಇರುತ್ತದೆ. ನಿಮ್ಮ ಪುಸ್ತಕದ ಅಂಕಿಯೇ ಅಂತಿಮ. ಸೀಲೆಂಟನ್ನು ಒಂದು ಮುಖಕ್ಕೆ ಮಾತ್ರ, ಬೆರಳಿನಿಂದ ತೀಡಿ ಪಾರದರ್ಶಕ ಎನ್ನುವಷ್ಟು ತೆಳುವಾಗಿ ಹಚ್ಚಿ, ಎಣ್ಣೆಯ ಕಾಲುವೆಗಳ ಬಾಯಿಂದ ಎರಡು-ಮೂರು ಮಿಲಿಮೀಟರ್ ದೂರವಿಡಿ. ಮರುದಿನ ಮತ್ತೊಮ್ಮೆ ಬಿಗಿಯೋಣ ಎಂಬ ಆಸೆ ಬೇಡ. ಹದಕ್ಕೆ ಬಂದ ಸೀಲೆಂಟನ್ನು ಮತ್ತೆ ಒತ್ತಿದರೆ ಹಿಡಿದದ್ದು ಬಿಡುತ್ತದೆ.

ಪ್ರಶ್ನೆ: ಬೇಗ ಮುಗಿಯಲಿ ಎಂದು ಕೂದಲು ಒಣಗಿಸುವ ಡ್ರೈಯರ್ ಹಿಡಿಯಬಹುದೇ? ಅಥವಾ ಬಿಸಿಲಿಗೆ ನಿಲ್ಲಿಸಲೇ?
— ಬಿಸಿಲು ಪ್ರಿಯ

ಉತ್ತರ: ಮತ್ತೆ ‘ಒಣಗಿಸುವ’! ಡ್ರೈಯರ್ ಬಿಸಿಯನ್ನೂ ಕೊಡುತ್ತದೆ, ಒಣಗಾಳಿಯನ್ನೂ ಕೊಡುತ್ತದೆ. ಬಿಸಿಯಿಂದ ಸ್ವಲ್ಪ ಉಪಕಾರ, ಒಣಗಾಳಿಯಿಂದ ಅಪಕಾರ. ಗೂಟಕ್ಕೆ ಕಟ್ಟಿದ ಎತ್ತಿನಂತೆ ಇದ್ದಲ್ಲೇ ಸುತ್ತುತ್ತೀರಿ. ಬೆಚ್ಚಗಿನ ಕೋಣೆಯಲ್ಲಿ ಗಾಡಿ ನಿಲ್ಲಿಸಿ, ಪಕ್ಕದಲ್ಲಿ ಬಕೆಟ್ಟಿಗೆ ಒದ್ದೆ ಬಟ್ಟೆ ಇಳಿಬಿಟ್ಟರೆ ಅದೇ ಹೆಚ್ಚು ಕೆಲಸ ಮಾಡುತ್ತದೆ. ಸಂದಿನ ಮೇಲೆ ನೀರು ಚಿಮುಕಿಸಬೇಡಿ. ಎಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡುವ ಉಪಾಯ ಯಾರಾದರೂ ಹೇಳಿದರೆ ನಗುತ್ತ ಕೇಳಿಸಿಕೊಂಡು ಮರೆತುಬಿಡಿ.

ಹದ ಬಂದಿದೆಯೋ ಇಲ್ಲವೋ ತಿಳಿಯಲು ನಾನು ಮಾಡುವುದು ಇಷ್ಟು: ಹಚ್ಚಿ ಉಳಿದದ್ದನ್ನು ಎರಡು ಅಗಲವಾದ ಹಳೆಯ ವಾಷರ್‌ಗಳ ನಡುವೆ ಇಟ್ಟು ಒತ್ತಿ, ಗಾಡಿಯ ಪಕ್ಕದಲ್ಲೇ ಇಡುತ್ತೇನೆ. ಮರುದಿನ ವಾಷರ್‌ಗಳನ್ನು ಎಬ್ಬಿಸಿ ನೋಡಿದರೆ ಅಂಚಿನಿಂದ ಎಷ್ಟು ಒಳಗೆ ರಬ್ಬರಾಗಿದೆ, ಎಲ್ಲಿಂದ ಮುದ್ದೆ ಶುರುವಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಹೊರಗೆ ಹಿಂಡಿ ಬಂದದ್ದನ್ನು ಬೆರಳಿನಿಂದ ಒತ್ತಿ ನೋಡುವವರು ಪೊರೆಯನ್ನು ಮಾತ್ರ ಪರೀಕ್ಷಿಸುತ್ತಾರೆ.

ಪ್ರಶ್ನೆ: ಗಾಳಿಯಿಲ್ಲದ ಕಡೆ ಗಟ್ಟಿಯಾಗುವ ಬಗೆಯ ಫ್ಲಾಂಜ್ ಸೀಲೆಂಟ್ ಹಚ್ಚಿದೆ. ಮೂರು ದಿನವಾದರೂ ಸಂದಿನ ಹೊರಗೆ ಬಂದದ್ದು ಹಸಿಯಾಗಿಯೇ ಇದೆ. ಅದೇ ಕಂಪನಿಯ ಬೋಲ್ಟ್ ಸಡಿಲವಾಗದಂತೆ ಹಚ್ಚುವ ನೀಲಿ ದ್ರವದ ಬಾಟಲಿಯೂ ಅರ್ಧ ಖಾಲಿಯಾಗಿಯೇ ಬಂತು. ಮೋಸ ಹೋದೆನೇ?
— ಎರಡು ಸಲ ಮೋಸಹೋದವನು

ಉತ್ತರ: ಒಂದು ಸಲವೂ ಇಲ್ಲ. ಈ ಬಗೆಯದ್ದು ಸಿಲಿಕೋನ್‌ಗೆ ನೇರ ವಿರುದ್ಧ ಸ್ವಭಾವದ್ದು. ಗಾಳಿಯಲ್ಲಿರುವ ಆಮ್ಲಜನಕ ತಾಗುತ್ತಿರುವವರೆಗೆ ದ್ರವವಾಗಿಯೇ ಇರುತ್ತದೆ. ಗಾಳಿ ತಪ್ಪಿ, ಲೋಹ ತಾಗಿದಾಗ ಗಟ್ಟಿಯಾಗುತ್ತದೆ. ಆದ್ದರಿಂದ ಒಳಗೆ ಕಲ್ಲಿನಂತಾಗಿ ಹೊರಗೆ ಹಸಿಯಾಗಿರುವುದು ಸಹಜ. ಬಟ್ಟೆಯಿಂದ ಒರೆಸಿಬಿಡಿ. ಒಳಗೆ ಹಿಂಡಿ ಹೋದದ್ದೂ ಎಣ್ಣೆಯಲ್ಲಿ ಕರಗಿ ಹೋಗುತ್ತದೆ, ಜಾಲರಿಗೆ ಹುಳುವಾಗಿ ಸುತ್ತುವುದಿಲ್ಲ. ಕ್ರ್ಯಾಂಕ್‌ಕೇಸಿನಂಥ ಸಪಾಟು ಮುಖಗಳಿಗೆ ನನಗೆ ಇದೇ ಹೆಚ್ಚು ಇಷ್ಟ. ಸಂದು ಕಾಲು ಮಿಲಿಮೀಟರಿಗಿಂತ ಹೆಚ್ಚಿದ್ದರೆ, ಕವರ್ ಬಾಗುವಂಥದ್ದಾದರೆ ಮಾತ್ರ ಇದು ಬೇಡ.

ಬಾಟಲಿಯ ವಿಷಯ ಸ್ವಾರಸ್ಯದ್ದು. ಇಂಥ ದ್ರವ ಮೊದಲು ಪ್ರಯೋಗಾಲಯದಲ್ಲಿ ಸಿಕ್ಕಾಗ ಅದರೊಳಗೆ ಸದಾ ಗಾಳಿಯ ಗುಳ್ಳೆ ಬಿಡುತ್ತಿರಬೇಕಾಗಿತ್ತು, ನಿಲ್ಲಿಸಿದರೆ ಪಾತ್ರೆಯಲ್ಲೇ ಗಟ್ಟಿ. ಅಮೆರಿಕದ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ಅದನ್ನು ಬಾಟಲಿಯಲ್ಲಿ ಇಟ್ಟು ಮಾರಬಹುದಾದಂತೆ ಪಳಗಿಸಿ, 1953ರಲ್ಲಿ ಕಂಪನಿ ಶುರುಮಾಡಿದರು. ಲಾಕ್‌ಟೈಟ್ ಎಂಬ ಹೆಸರು ಅಲ್ಲಿಂದ ಬಂದದ್ದು. ನಿಮ್ಮ ಬಾಟಲಿಯ ಅರ್ಧದಲ್ಲಿರುವುದು ದ್ರವವನ್ನು ದ್ರವವಾಗಿಯೇ ಇಡುವ ಗಾಳಿ. ಬಾಟಲಿಯ ಪ್ಲಾಸ್ಟಿಕ್ ಕೂಡ ಗಾಳಿ ನುಸುಳುವಂಥದ್ದು. ತುಂಬಿ ತುಳುಕುವ ಬಾಟಲಿ ಕೊಟ್ಟಿದ್ದರೆ ಆಗ ದೂರು ಕೊಡಬಹುದಿತ್ತು.

ಪ್ರಶ್ನೆ: ಎರಡು ಸಲ ಚೊಕ್ಕಟವಾಗಿ ಹಚ್ಚಿ ಎರಡೆರಡು ದಿನ ಕಾದಿದ್ದೇನೆ. ಆದರೂ ಸೋರುತ್ತದೆ. ಮೂರನೆಯ ಸಲ ಯಾವ ಸೀಲೆಂಟ್ ತರಲಿ?
— ಸೋತವನು

ಉತ್ತರ: ಏನನ್ನೂ ತರಬೇಡಿ. ಮೊದಲು ಬ್ರೀದರ್ ಕೊಳವೆ ನೋಡಿ. ಪಿಸ್ಟನ್ ಇಳಿದಾಗಲೆಲ್ಲ ಕ್ರ್ಯಾಂಕ್‌ಕೇಸಿನ ಗಾಳಿ ಅದರಿಂದ ಹೊರಗೆ ಹೋಗಬೇಕು. ಅದು ಮಡಿಸಿಕೊಂಡಿದ್ದರೆ ಅಥವಾ ಕೆಸರು ಕಟ್ಟಿದ್ದರೆ ಒತ್ತಡ ಎಲ್ಲಿ ಸಡಿಲ ಸಿಗುತ್ತದೋ ಅಲ್ಲಿ ಎಣ್ಣೆಯನ್ನು ನೂಕುತ್ತದೆ. ಅದು ಸರಿಯಿದ್ದರೆ ಎಂಜಿನ್ ಒರೆಸಿ, ಟಾಲ್ಕಮ್ ಪುಡಿ ಉದುರಿಸಿ, ಐದು ನಿಮಿಷ ಓಡಿಸಿ. ಪುಡಿಯ ಮೇಲೆ ಒದ್ದೆ ಗೆರೆ ಎಲ್ಲಿಂದ ಹೊರಟಿದೆ ನೋಡಿ. ಮೇಲಿನ ಸಿಲಿಂಡರ್ ಬುಡದಿಂದ ಇಳಿದು ಬಂದ ಎಣ್ಣೆಗಾಗಿ ಕೆಳಗಿನ ಕವರನ್ನು ಎರಡೆರಡು ಸಲ ಬಿಚ್ಚಿದವರನ್ನು ಕಂಡಿದ್ದೇನೆ. ಗೆರೆ ಕವರಿನಿಂದಲೇ ಹೊರಟಿದ್ದರೆ, ಕವರನ್ನು ದಪ್ಪ ಗಾಜಿನ ಮೇಲೆ ಮಗುಚಿ ಇಟ್ಟು ಸುತ್ತಲೂ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ, ತೂರಿಸಿ ನೋಡಿ. ಬಾಗಿದ ಕವರಿಗೆ ಸೀಲೆಂಟ್ ಮದ್ದಲ್ಲ.

ಇನ್ನು ಚಿಕ್ಕ ಪ್ರಶ್ನೆಗಳು.

ಸಿಲಿಂಡರ್ ಹೆಡ್ ಗ್ಯಾಸ್ಕೆಟ್‌ಗೆ ಸಿಲಿಕೋನ್ ಬಳಿಯಬಹುದೇ? — ಬೇಡ. ಅಲ್ಲಿ ಉರಿಯುವ ಅನಿಲದ ಶಾಖ ಮತ್ತು ಒತ್ತಡ, ಇದು ಉಳಿಯುವುದಿಲ್ಲ.

ಕಾರ್ಬ್ಯುರೇಟರ್ ಬಟ್ಟಲಿಗೆ? — ಪೆಟ್ರೋಲಿನಲ್ಲಿ ಸಿಲಿಕೋನ್ ಊದಿಕೊಂಡು ಬಿಟ್ಟುಕೊಳ್ಳುತ್ತದೆ. ಹೊಸ ರಬ್ಬರ್ ಉಂಗುರ ಹಾಕಿ.

ಮ್ಯಾಗ್ನೆಟೊ ಕವರಿನಿಂದ ತಂತಿ ಹೊರಬರುವ ರಬ್ಬರಿಗೆ? — ಹಚ್ಚಬಹುದು, ಆದರೆ ವಿನೆಗರ್ ವಾಸನೆಯದ್ದು ಬೇಡ. ಆ ಆಮ್ಲ ತಾಮ್ರವನ್ನು ಕೊರೆಯುತ್ತದೆ. ‘ನ್ಯೂಟ್ರಲ್’ ಎಂದು ಬರೆದಿರುವುದನ್ನು ಕೇಳಿ ತನ್ನಿ.

ಅರ್ಧ ಬಳಸಿದ ಟ್ಯೂಬಿನ ಮೂತಿ ಗಟ್ಟಿಯಾಗಿದೆ, ಎಸೆಯಲೇ? — ಮೂತಿಯ ನೀರು ಕುಡಿದ ಭಾಗ ಮಾತ್ರ ರಬ್ಬರಾಗಿರುತ್ತದೆ. ಒಳಗಿನದ್ದು ನುಣ್ಣಗೆ ಬಂದರೆ, ದಿನಾಂಕ ಮೀರಿರದಿದ್ದರೆ, ಮೊದಲು ವಾಷರ್ ನಡುವೆ ಪರೀಕ್ಷಿಸಿ ಬಳಸಿ. ಕೆಲಸ ಮುಗಿದ ಮೇಲೆ ಮೂತಿಯೊಳಗೆ ಮರಕ್ಕೆ ಹಾಕುವ ಒಂದು ಉದ್ದನೆಯ ತಿರುಪನ್ನು ತಿರುಗಿಸಿ ಬಿಟ್ಟಿರಿ. ಮುಂದಿನ ಸಲ ಅದನ್ನು ಎಳೆದರೆ ಗಟ್ಟಿಯಾದ ಬಿರಡೆಯೂ ಜೊತೆಗೇ ಬರುತ್ತದೆ.